ಖಾಲಿ ತೋಟೆಯ ಹಿತ್ತಾಳೆ ಗುಂಡಿನ ಕವಚವಾದದ್ದು ಹೇಗೆ

ರೈಫಲ್ಲಿನ ತೋಟೆಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು. ಈಡು ಹಾರಿದಾಗ ಕೇಪು ಸಿಡಿಯುತ್ತದೆ, ಮದ್ದು ಉರಿದುಹೋಗುತ್ತದೆ, ಗುಂಡು ನಳಿಗೆಯಿಂದ ಹೊರಬೀಳುತ್ತದೆ. ಕೇಸೊಂದೇ ಕೋವಿಯಲ್ಲಿ ಉಳಿಯುತ್ತದೆ. ಹೀಗೆ ಉಳಿದ ಖಾಲಿ ಕೇಸನ್ನೇ ಇನ್ನೊಂದು ಗುಂಡಿನ ಹೊರಮೈಯಾಗಿ ಮಾರ್ಪಡಿಸಬಹುದೆಂದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೆಲವು ಹವ್ಯಾಸಿಗಳು ತಮ್ಮ ಮನೆಯ ಕಾರ್ಯಾಗಾರಗಳಲ್ಲಿ ತೋರಿಸಿಕೊಟ್ಟರು. ಈ ಕಥೆಯನ್ನು ಸಾಮಾನ್ಯವಾಗಿ ಮಿತವ್ಯಯದ ಕಥೆಯೆಂದು ಹೇಳುತ್ತಾರೆ. ಬರಗಾಲದಲ್ಲಿ ಕಸವೂ ಬೆಲೆಬಾಳುತ್ತದೆ ಎಂಬುದು ನಿಜವೇ ಆದರೂ, ಕಸದಿಂದ ಗುಂಡು ಹುಟ್ಟಲು ಸಾಧ್ಯವಾದದ್ದು ಹಿತ್ತಾಳೆಯೆಂಬ ಲೋಹದ ಸ್ವಭಾವದಿಂದ ಮತ್ತು ಹತ್ತೊಂಬತ್ತನೆಯ ಶತಮಾನದ ಒಂದು ತೋಟೆಯ ವಿಚಿತ್ರ ವಿನ್ಯಾಸದಿಂದ. ಆ ಎರಡನ್ನು ಅರ್ಥಮಾಡಿಕೊಳ್ಳುವುದು ಈ ಲೇಖನದ ಉದ್ದೇಶ. ಪರವಾನಗಿಯಿಲ್ಲದೆ ಗುಂಡು ತಯಾರಿಸುವುದು ನಮ್ಮ ದೇಶದಲ್ಲಿ ಘೋರ ಅಪರಾಧವಾದ್ದರಿಂದ ಇಲ್ಲಿ ಅಳತೆ, ಹದ, ಸಲಕರಣೆಗಳ ವಿವರವನ್ನು ಕೊಟ್ಟಿಲ್ಲ. ವಿಷಯ ತಿಳಿಯಲು ಅದರ ಅಗತ್ಯವೂ ಇಲ್ಲ.

ಗುಂಡಿಗೆ ಕವಚವೇಕೆ ಬೇಕು ಎಂಬಲ್ಲಿಂದ ಆರಂಭಿಸಬೇಕು. ಗುಂಡಿಗೆ ಸೀಸಕ್ಕಿಂತ ಒಳ್ಳೆಯ ಲೋಹ ಅಗ್ಗದಲ್ಲಿ ಸಿಗುವುದಿಲ್ಲ. ಅದು ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಸಾಂದ್ರ, ಆದ್ದರಿಂದ ಸಣ್ಣ ಗಾತ್ರದಲ್ಲೇ ತೂಕವನ್ನು ಹೊತ್ತು ಗಾಳಿಯನ್ನು ಸೀಳಿಕೊಂಡು ಹೋಗಬಲ್ಲದು. 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಸೌದೆಯ ಒಲೆಯ ಮೇಲೂ ಅದನ್ನು ಎರಕ ಹೊಯ್ಯಬಹುದು. ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೃದುವಾಗಿರುವುದರಿಂದ ನಳಿಗೆಯೊಳಗಿನ ಸುರುಳಿ ಗಾಡಿಗಳಿಗೆ, ಅಂದರೆ ಸುರುಳಿಯಾಗಿ ಕೊರೆದ ತೋಡುಗಳಿಗೆ, ಒತ್ತಿಕೊಂಡು ಗಿರಗಿರನೆ ತಿರುಗುತ್ತಾ ಹೊರಬರುತ್ತದೆ. ಕಪ್ಪು ಮದ್ದಿನ ಕಾಲದಲ್ಲಿ ಈ ಮೃದುತ್ವ ದೊಡ್ಡ ತೊಡಕಾಗಲಿಲ್ಲ. 1871ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಮಾರ್ಟಿನಿ ಹೆನ್ರಿ ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೋಗುತ್ತಿತ್ತು; ಸೀಸವು ನಳಿಗೆಗೆ ಮೆತ್ತಿಕೊಳ್ಳದಂತೆ ಅದಕ್ಕೆ ಕಾಗದವನ್ನು ಸುತ್ತಿದರೆ ಸಾಕಾಗುತ್ತಿತ್ತು. ಗುಂಡಿನ ಮೊದಲ ಕವಚ ಆ ಕಾಗದವೇ ಎಂದರೂ ತಪ್ಪಾಗದು.

ಪರಿಸ್ಥಿತಿ ಬದಲಾದದ್ದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಾಗ. ಎರಡೇ ವರ್ಷದಲ್ಲಿ, 1886ರಲ್ಲಿ, ಅದನ್ನು ಬಳಸಿದ ಲೆಬೆಲ್ ರೈಫಲ್ ಬಂತು. ಗುಂಡಿನ ವೇಗ ಸೆಕೆಂಡಿಗೆ 600 ಮೀಟರನ್ನು ದಾಟಿತು. ಆ ವೇಗದಲ್ಲಿ ಬರಿಯ ಸೀಸದ ಗುಂಡಿಗೆ ಎರಡು ಕಷ್ಟಗಳು. ಒಂದು, ನಳಿಗೆಯ ಗೋಡೆಗೆ ಉಜ್ಜಿ ಸವೆದು ಅಲ್ಲೇ ಅಂಟಿಕೊಳ್ಳುತ್ತದೆ. ಕೆಲವೇ ಈಡುಗಳ ನಂತರ ಗಾಡಿಗಳು ಸೀಸದಿಂದ ತುಂಬಿ ಗುರಿ ಹಾಳಾಗುತ್ತದೆ. ಇನ್ನೊಂದು, ಗಾಡಿಗಳ ಹಿಡಿತಕ್ಕೆ ಸಿಕ್ಕ ಮೃದು ಲೋಹ ಆ ರಭಸದಲ್ಲಿ ತಿರುಗುವುದರ ಬದಲು ಕಿತ್ತುಕೊಂಡು ನೇರವಾಗಿ ಜಾರುತ್ತದೆ. ತಿರುಗದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಇದಕ್ಕೆ ಪರಿಹಾರವನ್ನು ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದ ಸೇನಾ ತೋಟೆ ಪ್ರಯೋಗಾಲಯದ ಎಡುವರ್ಡ್ ರೂಬಿನ್ 1882ರ ಹೊತ್ತಿಗೇ ಸಿದ್ಧಪಡಿಸಿಟ್ಟಿದ್ದರು: ಸೀಸದ ತಿರುಳಿನ ಮೇಲೆ ತಾಮ್ರದ ತೆಳುವಾದ ಕವಚ. ತೂಕ ಸೀಸದ್ದು, ನಳಿಗೆಯೊಡನೆ ವ್ಯವಹಾರ ತಾಮ್ರದ್ದು. ಇಂದಿಗೂ ಜಗತ್ತಿನ ಬಹುಪಾಲು ರೈಫಲ್ ಗುಂಡುಗಳು ಈ ಸೂತ್ರದಲ್ಲೇ ನಿಂತಿವೆ.

ಕವಚದ ಇತಿಹಾಸಕ್ಕೆ ಭಾರತದ ನಂಟೂ ಇದೆ, ಅದು ಹೆಮ್ಮೆಪಡುವಂಥದ್ದಲ್ಲ. ಬ್ರಿಟಿಷ್ ಸೇನೆಯ .303 ಇಂಚು ನಳಿಗೆಯ ರೈಫಲ್ಲಿನ ಪೂರ್ಣ ಕವಚವಿದ್ದ ಗುಂಡುಗಳು ಎದುರಾಳಿಯ ದೇಹದೊಳಗೆ ನೇರವಾಗಿ ತೂರಿ ಹೊರಟುಹೋಗುತ್ತವೆ, ಅವನನ್ನು ಅಲ್ಲೇ ನಿಲ್ಲಿಸುವುದಿಲ್ಲ ಎಂದು ಆಗಿನ ಬ್ರಿಟಿಷ್ ಭಾರತದ ವಾಯವ್ಯ ಗಡಿಯಲ್ಲಿ ನಡೆದ 1895ರ ಚಿತ್ರಾಲ್ ದಂಡಯಾತ್ರೆಯಿಂದ ದೂರುಗಳು ಬಂದವು. ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ ಕ್ಲೇ ಮೂತಿಯಲ್ಲಿ ಸೀಸ ಹೊರಗೆ ಕಾಣುವಂತೆ ಕವಚವನ್ನು ಬಿಡಿಸಿದ ಗುಂಡನ್ನು ರೂಪಿಸಿದರು. ಅದು ದೇಹಕ್ಕೆ ತಗುಲಿದಾಗ ಅಣಬೆಯಂತೆ ಅರಳುತ್ತಿತ್ತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂತಹ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಕವಚ ಎಲ್ಲಿ ಮುಗಿಯುತ್ತದೆ, ಎಷ್ಟು ದಪ್ಪವಿರುತ್ತದೆ ಎಂಬ ಸಣ್ಣ ವ್ಯತ್ಯಾಸವೇ ಗುಂಡಿನ ವರ್ತನೆಯನ್ನು ತೀರ್ಮಾನಿಸುತ್ತದೆ ಎಂಬುದು ಲೋಕಕ್ಕೆ ಹೀಗೆ ಗೊತ್ತಾಯಿತು.

ಕವಚಕ್ಕೆ ಯಾವ ಲೋಹ ಸೂಕ್ತ ಎಂಬುದು ತೀರ್ಮಾನವಾಗಲು ಇನ್ನೂ ಕಾಲ ಹಿಡಿಯಿತು. ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಮಿಶ್ರಲೋಹ ಮೊದಲು ಬಳಕೆಯಲ್ಲಿತ್ತು. ಅದು ನಳಿಗೆಯ ಬಾಯಿಯ ಬಳಿ ಗಟ್ಟಿ ಗಡ್ಡೆಗಳಾಗಿ ಅಂಟಿಕೊಂಡು ಸೈನಿಕರನ್ನು ಕಾಡಿತು. 1920ರ ದಶಕದಲ್ಲಿ ಅಮೆರಿಕ ನೂರಕ್ಕೆ 95 ಪಾಲು ತಾಮ್ರ, 5 ಪಾಲು ಸತುವಿರುವ ಮಿಶ್ರಲೋಹಕ್ಕೆ ಹೊರಳಿಕೊಂಡಿತು. ಕವಚಕ್ಕೆ ಇಂದಿಗೂ ಹೆಚ್ಚಾಗಿ ಬಳಸುವುದು ಅದನ್ನೇ. ತೋಟೆಯ ಕೇಸಿನ ಹಿತ್ತಾಳೆಯಲ್ಲಾದರೋ 70 ಪಾಲು ತಾಮ್ರ, 30 ಪಾಲು ಸತು. ಎರಡೂ ಒಂದೇ ಕುಟುಂಬದ ಲೋಹಗಳು, ಗಟ್ಟಿತನದಲ್ಲಿ ಮಾತ್ರ ಭಿನ್ನ. ಒಂದರ ಕೆಲಸವನ್ನು ಇನ್ನೊಂದು ಸ್ವಲ್ಪ ಮಟ್ಟಿಗೆ ನಿಭಾಯಿಸಬಲ್ಲದು ಎಂಬ ಸಾಧ್ಯತೆ ಈ ಸಂಬಂಧದಲ್ಲೇ ಅಡಗಿತ್ತು. ಅದನ್ನು ಹೊರಗೆಳೆದದ್ದು ಯುದ್ಧಕಾಲದ ಕೊರತೆ.

ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿದೊಡನೆ ಅಲ್ಲಿಯ ತೋಟೆ ಕಾರ್ಖಾನೆಗಳೆಲ್ಲ ಸೇನೆಯ ಕೆಲಸಕ್ಕೆ ತಿರುಗಿದವು; ರೈತರಿಗೆ, ಬೇಟೆಗಾರರಿಗೆ, ಗುರಿ ಅಭ್ಯಾಸದವರಿಗೆ ಕವಚದ ಗುಂಡುಗಳು ಸಿಗದಾದವು. ತಾಮ್ರದ ಅಭಾವ ಎಷ್ಟಿತ್ತೆಂದರೆ 1943ರಲ್ಲಿ ಅಮೆರಿಕದ ಒಂದು ಸೆಂಟಿನ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಠಂಕಿಸಬೇಕಾಯಿತು. ಮರುವರ್ಷದಿಂದ ಕೆಲಕಾಲ ಅದೇ ನಾಣ್ಯಕ್ಕೆ ಸೇನೆಯ ಖಾಲಿ ಕೇಸುಗಳನ್ನು ಕರಗಿಸಿ ಬಂದ ಹಿತ್ತಾಳೆಗೆ ತಾಮ್ರವನ್ನು ಸೇರಿಸಿ, ಗುಂಡಿನ ಕವಚದಲ್ಲಿರುವ ಅದೇ 95ಕ್ಕೆ 5ರ ಪ್ರಮಾಣಕ್ಕೆ ತಂದು ಬಳಸಿದರು. ಸರ್ಕಾರ ಖಾಲಿ ಕೇಸಿನಿಂದ ನಾಣ್ಯ ಮಾಡುತ್ತಿದ್ದ ಆ ವರ್ಷಗಳಲ್ಲೇ ಕೆಲವರು ಅದರಿಂದ ಗುಂಡು ಮಾಡಲು ಹೊರಟಿದ್ದರು. ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಫ್ರೆಡ್ ಹಂಟಿಂಗ್ಟನ್ ತಮ್ಮ ತಂದೆಯ ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ 1943ರಲ್ಲಿ ಇದಕ್ಕೆ ಬೇಕಾದ ಅಚ್ಚುಗಳನ್ನು ತಯಾರಿಸಿದರು. ಅವರು ಬೇಟೆಯಾಡುತ್ತಿದ್ದದ್ದು ರಾಕ್ ಚಕ್ ಎಂಬ, ಬಂಡೆಗಳ ನಡುವೆ ಬಿಲ ತೋಡುವ ಪ್ರಾಣಿಯನ್ನು. ಆದ್ದರಿಂದ ಅಚ್ಚಿಗೆ ರಾಕ್ ಚಕ್ ಬುಲೆಟ್ ಸ್ವೇಜ್ ಎಂದು ಹೆಸರಿಟ್ಟರು; ಸ್ವೇಜ್ ಎಂದರೆ ಲೋಹವನ್ನು ಒತ್ತಿ ರೂಪಿಸುವ ಅಚ್ಚು. ಇಂದು ಆರ್‌ಸಿಬಿಎಸ್ ಎಂದು ಹೆಸರಾಗಿರುವ ಸಂಸ್ಥೆಯ ಹೆಸರು ಅದರ ಮೊದಲಕ್ಷರಗಳಿಂದ ಬಂದದ್ದು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಐಡಾಹೊದ ಲೂಯಿಸ್ಟನ್‌ನಲ್ಲಿ ವರ್ನನ್ ಸ್ಪಿಯರ್ ಖಾಲಿ ಕೇಸುಗಳಿಂದ ಗುಂಡು ತಯಾರಿಸಿ ಮಾರತೊಡಗಿದರು. ಈ ಪ್ರಯೋಗಗಳಲ್ಲಿ ಸ್ಪಿಯರ್ ಅವರೊಡನೆ ಸೇರಿದ್ದ ಜಾಯ್ಸ್ ಹಾರ್ನಡಿ 1949ರಲ್ಲಿ ನೆಬ್ರಾಸ್ಕದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದರು. ಮುಂದೆ ಈ ಕ್ಷೇತ್ರದಲ್ಲಿ ದೊಡ್ಡದಾಗಿ ಬೆಳೆದ ಮೂರು ಹೆಸರುಗಳ ಬೇರು ಬಿಸಾಡಿದ ಹಿತ್ತಾಳೆಯಲ್ಲಿದೆ.

ಅವರು ಆರಿಸಿಕೊಂಡದ್ದು ಪಾಯಿಂಟ್ ಟೂ ಟೂ, ಅಂದರೆ 0.22 ಇಂಚು ನಳಿಗೆಯ, ರೈಫಲ್ಲಿನ ಖಾಲಿ ಕೇಸು. ಈ ಆಯ್ಕೆಯ ಹಿಂದೆ ಗಮನಿಸಬೇಕಾದ ಕಾರಣವಿದೆ. ಸಾಮಾನ್ಯವಾಗಿ ತೋಟೆಯಲ್ಲಿ ಗುಂಡು ಕೇಸಿನ ಬಾಯೊಳಗೆ ಇಡಿಯಾಗಿ ಕೂರುತ್ತದೆ, ಆದ್ದರಿಂದ ಕೇಸಿನ ಹೊರವ್ಯಾಸ ಗುಂಡಿನ ವ್ಯಾಸಕ್ಕಿಂತ ಹೆಚ್ಚಾಗಿರುತ್ತದೆ. ಅಂತಹ ಕೇಸು ಅದೇ ಕೋವಿಯ ಗುಂಡಿಗೆ ಅಂಗಿಯಾಗಲಾರದು. ಆದರೆ ಸ್ಮಿತ್ ಅಂಡ್ ವೆಸನ್ 1857ರಲ್ಲಿ ಹೊರತಂದ ಮೊದಲ ಪಾಯಿಂಟ್ ಟೂ ಟೂ ತೋಟೆಯಲ್ಲಿ ಗುಂಡಿನ ಬುಡವನ್ನು ಮಾತ್ರ ಕಿರಿದುಗೊಳಿಸಿ ಕೇಸಿನೊಳಗೆ ಸಿಕ್ಕಿಸಿದ್ದರು. ಹೊರಗೆ ಕಾಣುವ ಗುಂಡು ಮತ್ತು ಕೇಸು ಒಂದೇ ಮಟ್ಟದಲ್ಲಿದ್ದವು. 1887ರಲ್ಲಿ ಬಂದ, ಲಾಂಗ್ ರೈಫಲ್ ಎಂಬ ಹೆಸರಿನ ಪಾಯಿಂಟ್ ಟೂ ಟೂ ತೋಟೆ ಈ ವಿನ್ಯಾಸವನ್ನು ಹಾಗೆಯೇ ಉಳಿಸಿಕೊಂಡಿತು, ಇಂದಿಗೂ ಅದು ಹಾಗೆಯೇ ಇದೆ. ಆಮೇಲೆ ಬಂದ ವೇಗದ ರೈಫಲ್‌ಗಳಲ್ಲಿ, ಅಂದರೆ 1930ರ ದಶಕದ ಹಾರ್ನೆಟ್, ಸ್ವಿಫ್ಟ್ ಮೊದಲಾದವುಗಳಲ್ಲಿ, ಗುಂಡಿನ ವ್ಯಾಸ ಸುಮಾರು 5.69 ಮಿಲಿಮೀಟರ್, ಲಾಂಗ್ ರೈಫಲ್ ಕೇಸಿನ ಹೊರವ್ಯಾಸ ಸುಮಾರು 5.74 ಮಿಲಿಮೀಟರ್. ಅಂತರ ಕೂದಲೆಳೆಯಷ್ಟು ಮಾತ್ರ. ಆ ಕೇಸನ್ನು ಮತ್ತೆ ತೋಟೆಯಾಗಿ ಬಳಸಲೂ ಬರುವುದಿಲ್ಲ, ಏಕೆಂದರೆ ಸಿಡಿಮದ್ದು ಪ್ರತ್ಯೇಕ ಕೇಪಿನಲ್ಲಿರದೆ ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಕೋವಿಯ ಕುದುರೆಯ, ಅಂದರೆ ತೋಟೆಯನ್ನು ಸಿಡಿಸುವ ಸುತ್ತಿಗೆಯ, ಹೊಡೆತಕ್ಕೆ ಆ ಅಂಚು ಜಜ್ಜಿಹೋಗಿರುತ್ತದೆ. ಎಲ್ಲೆಡೆ ರಾಶಿಗಟ್ಟಲೆ ಬಿದ್ದಿರುವ, ಬೇರೆ ಯಾವುದಕ್ಕೂ ಬಾರದ, ಅಳತೆಯಲ್ಲಿ ಮಾತ್ರ ಹೇಳಿ ಮಾಡಿಸಿದಂತಿರುವ ವಸ್ತು ಅದು.

ಅಳತೆ ಹೊಂದಿದರಷ್ಟೇ ಸಾಲದು, ಲೋಹ ಬಗ್ಗಬೇಕು. ಸತುವಿನ ಪ್ರಮಾಣ ನೂರಕ್ಕೆ ಸುಮಾರು 35ಕ್ಕಿಂತ ಕಡಿಮೆಯಿರುವವರೆಗೆ ಹಿತ್ತಾಳೆಯ ಒಳರಚನೆ ತಾಮ್ರದ ರಚನೆಯಂತೆಯೇ ಇರುತ್ತದೆ. ಅದರ ಸ್ಫಟಿಕಗಳಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. 70ಕ್ಕೆ 30ರ ಹಿತ್ತಾಳೆ ಈ ಮಿತಿಯೊಳಗೇ ಇದ್ದು, ತಣ್ಣಗಿರುವಾಗಲೇ ಎಳೆದು ಕೊಳವೆ ಮಾಡಲು ಅತ್ಯುತ್ತಮವಾಗಿದೆ. ತಗಡಿನ ಬಿಲ್ಲೆಯೊಂದನ್ನು ಬಟ್ಟಲಾಗಿ ಒತ್ತಿ, ಬಟ್ಟಲನ್ನು ಮತ್ತೆ ಮತ್ತೆ ಎಳೆದು ಉದ್ದದ ಕೇಸು ಮಾಡುವುದು ಕಾರ್ಖಾನೆಯ ಕ್ರಮ. ಪ್ರತಿ ಎಳೆತಕ್ಕೂ ಲೋಹ ಗಟ್ಟಿಯಾಗುತ್ತಾ ಹೋಗುತ್ತದೆ, ಒಂದು ಹಂತದ ನಂತರ ಬಗ್ಗದೆ ಸೀಳುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆದುಮಾಡಬೇಕು. ನಮ್ಮ ಕಂಚುಗಾರರು ಬಡಿದು ಮಾಡುವ ಹಿತ್ತಾಳೆ ಪಾತ್ರೆಯನ್ನು ಮಧ್ಯೆ ಮಧ್ಯೆ ಬೆಂಕಿಗೆ ಹಿಡಿಯುವುದೂ ಇದೇ ಕಾರಣಕ್ಕೆ. ಕಾಯಿಸಿದಾಗ ಒತ್ತಡದಿಂದ ನಜ್ಜುಗುಜ್ಜಾದ ಸ್ಫಟಿಕಗಳ ಜಾಗದಲ್ಲಿ ಹೊಸ ಸ್ಫಟಿಕಗಳು ಮೂಡುತ್ತವೆ. ಲೋಹಕ್ಕೆ ತನ್ನ ಮೊದಲಿನ ಬಾಗುವ ಗುಣ ಮರಳುತ್ತದೆ. ಖಾಲಿ ಕೇಸು ಮತ್ತೆ ಅಚ್ಚಿಗೆ ಒಗ್ಗುವುದು ಈ ಗುಣದಿಂದ.

ಹಿತ್ತಾಳೆಯ ಒಳಗೆ ಉಳಿದ ಒತ್ತಡ ಏನು ಮಾಡಬಲ್ಲದು ಎಂಬುದನ್ನು ಬ್ರಿಟಿಷ್ ಸೇನೆ ಕಲಿತದ್ದು ಭಾರತದ ಮಳೆಗಾಲದಲ್ಲಿ. ಸೇನೆಯ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುವ ರೂಢಿಯಿತ್ತು. ಮಳೆ ಮುಗಿದು ಪೆಟ್ಟಿಗೆ ತೆರೆದಾಗ, ಯಾರೂ ಮುಟ್ಟದೆ ಇದ್ದ ಹೊಸ ತೋಟೆಗಳ ಕೊರಳು ಉದ್ದಕ್ಕೆ ಬಿರಿದಿರುತ್ತಿತ್ತು. ಮಳೆಗಾಲಕ್ಕೊಮ್ಮೆ ಕಾಣಿಸಿಕೊಳ್ಳುವ ಈ ರೋಗಕ್ಕೆ ಋತುಬಿರುಕು ಎಂಬ ಅರ್ಥದ ಹೆಸರೇ ಅಂಟಿಕೊಂಡಿತು. ಕಾರಣ ಖಚಿತವಾದದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರಿಂದ: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಹಿತ್ತಾಳೆಯ ಸ್ಫಟಿಕಗಳ ಸಂದುಗಳನ್ನು ಕೊರೆಯುತ್ತದೆ, ಎಳೆದು ಒತ್ತಿದಾಗ ಲೋಹದೊಳಗೆ ಉಳಿದ ಬಿಗಿತ ಆ ಸಂದುಗಳನ್ನು ಸೀಳುತ್ತದೆ. ಅಮೋನಿಯಾ ಒಂದೇ ಇದ್ದರೂ, ಬಿಗಿತ ಒಂದೇ ಇದ್ದರೂ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ. ಲೋಹವನ್ನು ಹೆಚ್ಚು ಮೆದುಮಾಡದೆ, ಬಿಗಿತ ಮಾತ್ರ ಸಡಿಲವಾಗುವಷ್ಟು ಹದವಾಗಿ ಕಾಯಿಸುವುದು ಇದಕ್ಕೆ ಸಿಕ್ಕ ಮದ್ದು. ಲೋಹವಿಜ್ಞಾನದ ತರಗತಿಗಳಲ್ಲಿ ಇಂದಿಗೂ ಈ ಉದಾಹರಣೆಯನ್ನು ಹೇಳಿಕೊಡುತ್ತಾರೆ, ಹೇಳಿಕೊಡಲೇಬೇಕಾದದ್ದೂ ಹೌದು. ಖಾಲಿ ಕೇಸಿನಿಂದ ಮಾಡಿದ ಕವಚವೂ ಇದೇ ನಿಯಮಕ್ಕೆ ಒಳಪಟ್ಟಿದೆ. ಒಮ್ಮೆ ಎಳೆದು, ಸಿಡಿತದಲ್ಲಿ ಹಿಗ್ಗಿ, ಮತ್ತೊಮ್ಮೆ ಒತ್ತಿಸಿಕೊಂಡ ಲೋಹದಲ್ಲಿ ಬಿಗಿತ ಉಳಿದರೆ ಅದು ಡಬ್ಬದಲ್ಲಿರುವಾಗಲೇ ಬಿರುಕು ಬಿಡಬಹುದು.

ತಯಾರಿಕೆಯ ಕ್ರಮ ಸ್ಥೂಲವಾಗಿ ಹೀಗಿದೆ. ಖಾಲಿ ಕೇಸನ್ನು ತೊಳೆದು ಮೆದುಮಾಡಿ, ಬುಡದ ಹೊರಚಾಚಿದ ಅಂಚನ್ನು ಅಚ್ಚಿನೊಳಗೆ ತಳ್ಳಿ ನೇರ ಕೊಳವೆಯಾಗಿಸುತ್ತಾರೆ. ಅದರೊಳಗೆ ಅಳೆದ ತೂಕದ ಸೀಸದ ತುಂಡನ್ನಿಟ್ಟು ಒತ್ತಿದಾಗ ಸೀಸ ಹಿಗ್ಗಿ ಕವಚದ ಗೋಡೆಗೆ ಬಿಗಿಯಾಗಿ ಕೂರುತ್ತದೆ. ಕೊನೆಯ ಅಚ್ಚು ತೆರೆದ ಬಾಯಿಯನ್ನು ಮೂತಿಯಾಗಿ ಬಾಗಿಸುತ್ತದೆ. ಕೇಸಿನ ಬುಡವೇ ಗುಂಡಿನ ಬುಡವಾಗುವುದರಿಂದ, ಕಾರ್ಖಾನೆ ಒತ್ತಿದ ಅಕ್ಷರದ ಗುರುತು ಅಲ್ಲಿ ಮಸುಕಾಗಿ ಉಳಿದುಕೊಳ್ಳುತ್ತದೆ. ವಿಂಚೆಸ್ಟರ್ ಕೇಸಾಗಿದ್ದರೆ, ಆ ಸಂಸ್ಥೆಯ ಆರಂಭದ ವಿನ್ಯಾಸಕ ಟೈಲರ್ ಹೆನ್ರಿಯ ನೆನಪಿಗೆ ಹಾಕುತ್ತಿದ್ದ ಇಂಗ್ಲಿಷಿನ ಎಚ್ ಅಕ್ಷರವನ್ನು ಸಿದ್ಧವಾದ ಗುಂಡಿನ ಬುಡದಲ್ಲಿ ಬೆಳಕಿಗೆ ಓರೆಯಾಗಿ ಹಿಡಿದು ಓದಬಹುದು. ಒಂಬತ್ತು ಮಿಲಿಮೀಟರ್ ಪಿಸ್ತೂಲಿನ ಕೇಸುಗಳಿಂದ ಅದಕ್ಕಿಂತ ದೊಡ್ಡ ವ್ಯಾಸದ ಗುಂಡುಗಳ ಕವಚ ಮಾಡುವವರೂ ಅಮೆರಿಕದಲ್ಲಿದ್ದಾರೆ; ತತ್ತ್ವ ಒಂದೇ.

ಕೇಳಲು ಸರಳವಾಗಿರುವ ಈ ಕೆಲಸದಲ್ಲಿ ನಿಜವಾದ ಕಷ್ಟ ಸಮತೋಲನದ್ದು. ನಳಿಗೆಯ ಗಾಡಿಗಳು 14 ಇಂಚಿಗೆ ಒಂದು ಸುತ್ತು ಹಾಕುತ್ತವೆ, ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. 14 ಇಂಚೆಂದರೆ 0.356 ಮೀಟರ್, ಭಾಗಿಸಿದರೆ ಸೆಕೆಂಡಿಗೆ ಸುಮಾರು 2,530 ಸುತ್ತು, ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಈಗ ಕವಚದ ಒಂದು ಬದಿ ಇನ್ನೊಂದಕ್ಕಿಂತ ತುಸು ದಪ್ಪವಾಗಿ, ಗುಂಡಿನ ಭಾರಕೇಂದ್ರ ಅದರ ನಡುಗೆರೆಯಿಂದ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸರಿದಿದೆ ಎನ್ನೋಣ. ನಳಿಗೆಯೊಳಗೆ ಇರುವಷ್ಟು ಹೊತ್ತು ಆ ಕೇಂದ್ರ ನಡುಗೆರೆಯ ಸುತ್ತ ಪುಟ್ಟ ವೃತ್ತದಲ್ಲಿ ಸುತ್ತುತ್ತಿರುತ್ತದೆ; ನಳಿಗೆಯ ಹಿಡಿತ ತಪ್ಪಿದ ಕ್ಷಣ, ಕವಣೆಯಿಂದ ಬಿಟ್ಟ ಕಲ್ಲು ಹೊರಡುವಂತೆ ಅದು ಪಕ್ಕಕ್ಕೆ ಹೊರಡುತ್ತದೆ. ಲೆಕ್ಕ ಹಾಕಿದರೆ ಆ ಪಕ್ಕದ ವೇಗ ಸೆಕೆಂಡಿಗೆ ಸುಮಾರು 16 ಸೆಂಟಿಮೀಟರ್. ನೂರು ಮೀಟರ್ ದೂರ ಕ್ರಮಿಸಲು ಗುಂಡಿಗೆ ಬೇಕಾಗುವ ಸುಮಾರು 0.12 ಸೆಕೆಂಡಿನಲ್ಲಿ ಅದು ಗುರಿಯಿಂದ ಸುಮಾರು 2 ಸೆಂಟಿಮೀಟರ್ ಆಚೆ ಸರಿದಿರುತ್ತದೆ. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ದೋಷವೊಂದು ಗುರಿಹಲಗೆಯ ಮೇಲೆ ಹೆಬ್ಬೆರಳಗಲದ ತಪ್ಪಾಗಿ ಕಾಣಿಸಿಕೊಳ್ಳುವುದು ಹೀಗೆ. ಖಾಲಿ ಕೇಸುಗಳನ್ನು ಕವಚವಾಗಲೆಂದು ಯಾರೂ ತಯಾರಿಸಿದ್ದಲ್ಲ. ಅವುಗಳ ಗೋಡೆಯ ದಪ್ಪ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆಯಾಗಿರುತ್ತದೆ. ಹಂಟಿಂಗ್ಟನ್, ಸ್ಪಿಯರ್ ಅವರಂಥವರ ಸಾಧನೆಯ ತೂಕ ತಿಳಿಯುವುದು ಈ ಲೆಕ್ಕವನ್ನು ನೋಡಿದಾಗಲೇ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಮಿತಿ ಕವಚದ ತೆಳುವಿನದು. ಲಾಂಗ್ ರೈಫಲ್ ಕೇಸು ಕಡಿಮೆ ಒತ್ತಡದ ತೋಟೆಗೆಂದು ಮಾಡಿದ್ದು, ಆದ್ದರಿಂದ ಅದರ ಗೋಡೆ ಕಾರ್ಖಾನೆಯ ಸಾಮಾನ್ಯ ಕವಚಕ್ಕಿಂತ ತೆಳು. ಹಾರ್ನೆಟ್‌ನಂತಹ ಸಾಧಾರಣ ವೇಗದ ರೈಫಲ್ಲಿನಲ್ಲಿ ಅದು ತಾಳಿಕೊಳ್ಳುತ್ತದೆ. 1935ರ ಸ್ವಿಫ್ಟ್ ರೈಫಲ್ಲಿನಲ್ಲಾದರೆ ವೇಗ ಸೆಕೆಂಡಿಗೆ 1,200 ಮೀಟರನ್ನು ಮೀರುತ್ತದೆ, ಸುತ್ತುವ ರಭಸ ಹೆಚ್ಚಾಗಿ ತೆಳುವಾದ ಕವಚದ ಗುಂಡು ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಸಿಡಿದು ಚೂರಾಗಬಹುದು. ನೆಲಕ್ಕೆ ತಗುಲಿದೊಡನೆ ಪುಡಿಯಾಗಿ, ಪುಟಿದು ದೂರ ಹಾರದಿರುವ ಗುಣವನ್ನು ಹುಲ್ಲುಗಾವಲುಗಳಲ್ಲಿ ಬೇಟೆಯಾಡುತ್ತಿದ್ದವರು ಲಾಭವೆಂದೇ ಎಣಿಸಿದರು. ಯುದ್ಧ ಮುಗಿದು ತಾಮ್ರ ಮತ್ತೆ ಸಿಗತೊಡಗಿದಾಗ ಈ ಸಂಸ್ಥೆಗಳೆಲ್ಲ ಹೊಸ ಲೋಹದಿಂದ ಎಳೆದ ಕವಚಕ್ಕೆ ಹೊರಳಿದವು. ಖಾಲಿ ಕೇಸಿನ ಕವಚ ಹವ್ಯಾಸಿಗಳ ಕೈಯಲ್ಲಿ ಉಳಿಯಿತು.

ಆ ಹವ್ಯಾಸಿಗಳ ಆರೋಗ್ಯದ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಇಂದಿನ ಬಹುತೇಕ ತೋಟೆಗಳ ಸಿಡಿಮದ್ದಿನಲ್ಲಿ ಸೀಸದ ಸಂಯುಕ್ತವಿರುತ್ತದೆ, ಉರಿದ ನಂತರ ಅದು ಕೇಸಿನೊಳಗೆ ಧೂಳಾಗಿ ಉಳಿಯುತ್ತದೆ. ಕೇಸುಗಳನ್ನು ಒಣಗಿದ ಪುಡಿಯಲ್ಲಿ ಉರುಳಿಸಿ ಶುಚಿಮಾಡುವಾಗ ಅದು ಗಾಳಿಗೆ ಏಳುತ್ತದೆ. ತಿರುಳಿನ ಸೀಸ ಕೈಯಿಂದ ಬಾಯಿಗೆ, ಬಟ್ಟೆಯಿಂದ ಮನೆಯೊಳಕ್ಕೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಯಾವ ಪ್ರಮಾಣದಲ್ಲೂ ಸುರಕ್ಷಿತವಲ್ಲ. ಹಿತ್ತಾಳೆಯನ್ನು ಮಿತಿಮೀರಿ ಕಾಯಿಸಿದರೆ ಅದರಲ್ಲಿನ ಸತು ಆವಿಯಾಗಿ, ಆ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ರಾಶಿಯಲ್ಲಿ ಸಿಡಿಯದೆ ಉಳಿದ ತೋಟೆಯೊಂದು ಸೇರಿಕೊಂಡು ಬೆಂಕಿಗೆ ಬಿದ್ದರೆ ಆಗುವ ಅನಾಹುತ ಬೇರೆ. ಹಾರಿಹೋದ ಸೀಸದ ಕಥೆಯೂ ಅಲ್ಲಿಗೇ ಮುಗಿಯುವುದಿಲ್ಲ. ಬೇಟೆಯ ಕಳೇಬರದಲ್ಲಿ ಉಳಿದ ಸೀಸದ ಚೂರುಗಳನ್ನು ನುಂಗಿ ಕ್ಯಾಲಿಫೋರ್ನಿಯಾದ ಕಾಂಡರ್ ಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಲೋಕದಲ್ಲಿ ಉಳಿದಿದ್ದದ್ದು 22 ಹದ್ದುಗಳು ಮಾತ್ರ. ಆ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿದೆ.

ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಂತ ಬಳಕೆಗೆ ಇಂತಹ ಗುಂಡು ತಯಾರಿಸಲು ಪರವಾನಗಿ ಬೇಕಿಲ್ಲ, ಮಾರುವುದಾದರೆ ಬೇಕು. ಭಾರತದಲ್ಲಿ ಸ್ಥಿತಿ ತೀರಾ ಬೇರೆ. 1959ರ ಆಯುಧ ಕಾಯ್ದೆಯ 5ನೇ ಕಲಮು ಪರವಾನಗಿಯಿಲ್ಲದೆ ಆಯುಧ ಮತ್ತು ಮದ್ದುಗುಂಡುಗಳ ತಯಾರಿಕೆಯನ್ನು ನಿಷೇಧಿಸುತ್ತದೆ. ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಹಾಗಾಗಿ ಮದ್ದಿಲ್ಲದ ಬರಿಯ ಗುಂಡು ತಾನೇ ಎಂಬ ವಾದ ನಿಲ್ಲದು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸವಿದೆ. ಕೊಡಗಿನವರ ವಿನಾಯಿತಿಯನ್ನು ಇಲ್ಲಿ ತಪ್ಪಾಗಿ ಅರ್ಥಮಾಡಿಕೊಳ್ಳುವವರಿದ್ದಾರೆ. ಕೊಡವರಿಗೂ, ಕೊಡಗಿನ ವಂಶಪಾರಂಪರ್ಯ ಭೂಮಿಯಾದ ಜಮ್ಮಾದ ಹಿಡುವಳಿದಾರರಿಗೂ ಇರುವ, 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದ ಆ ವಿನಾಯಿತಿ ಕೋವಿಯನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ತಯಾರಿಕೆಯನ್ನು ನಿಯಂತ್ರಿಸುವ 5ನೇ ಕಲಮಿಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ ಖಾಲಿ ಕೇಸು ಕೂಡ ಲೆಕ್ಕದ ವಸ್ತುವೇ: ಎನ್‌ಸಿಸಿ ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಗುರಿ ಅಭ್ಯಾಸ ಮಾಡಿದ ಕೆಡೆಟ್‌ಗಳು ಕೊನೆಗೆ ನೆಲದಿಂದ ಹಿತ್ತಾಳೆಯ ಕೇಸುಗಳನ್ನು ಹೆಕ್ಕಿ, ಕೊಟ್ಟ ತೋಟೆಗಳ ಸಂಖ್ಯೆಗೆ ತಾಳೆಹಾಕಿ ಹಿಂದಿರುಗಿಸುತ್ತಾರೆ.